ಮದ್ದಿಗೂ ಉಂಟು ಗಡಿಯಾರ

ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿ. ಮೂರು ವರ್ಷದ ಮಗುವನ್ನು ಹೆಗಲಿಗೆ ಹಾಕಿಕೊಂಡು ತಂದೆ ತಾಯಿ ಓಡೋಡಿ ಬಂದಿದ್ದಾರೆ. ಕಪಾಟಿನಲ್ಲಿದ್ದ ಜ್ವರದ ಔಷಧಿಯ ಸೀಸೆಯನ್ನು ಮಗು ಪೂರ್ತಿ ಖಾಲಿ ಮಾಡಿದೆ. ವೈದ್ಯರು ಕೇಳುವ ಮೊದಲ ಪ್ರಶ್ನೆ, 'ಏನು ಕುಡಿಯಿತು?' ತಾಯಿ ಸೆರಗಿನಲ್ಲಿ ಕಟ್ಟಿ ತಂದ ಸೀಸೆ ತೋರಿಸುತ್ತಾಳೆ. ಎರಡನೆಯ ಪ್ರಶ್ನೆ, 'ಎಷ್ಟು ಗಂಟೆಗೆ?' ಈಗ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಒಬ್ಬರು 'ಸಂಜೆ' ಎಂದರೆ ಇನ್ನೊಬ್ಬರು 'ಇಲ್ಲ, ಮಧ್ಯಾಹ್ನವೇ ಇರಬೇಕು' ಎನ್ನುತ್ತಾರೆ. ಮಗುವೋ, ಏನೂ ಆಗದಂತೆ ವೈದ್ಯರ ಸ್ಟೆಥಾಸ್ಕೋಪನ್ನು ಎಳೆದು ಆಡುತ್ತಿದೆ!

ಆಡುತ್ತಿರುವ ಮಗುವನ್ನು ಕಂಡು ತಂದೆ ತಾಯಿಗೆ ಸಮಾಧಾನ. ವೈದ್ಯರಿಗೆ ಮಾತ್ರ ಸಮಾಧಾನವಿಲ್ಲ. ಅವರ ಕಣ್ಣು ಗೋಡೆಯ ಗಡಿಯಾರದ ಮೇಲಿದೆ. ಏಕೆಂದರೆ ಈ ವಿಷಕ್ಕೆ ಒಳ್ಳೆಯ ಮದ್ದೊಂದು ಉಂಟು. ಆದರೆ ಆ ಮದ್ದು ಹೊತ್ತು ನೋಡಿ ಕೆಲಸ ಮಾಡುತ್ತದೆ. ಎಂಟು ಗಂಟೆಯೊಳಗೆ ಕೊಟ್ಟರೆ ಅದು ಸಂಜೀವಿನಿ. ಹದಿನೈದು ಗಂಟೆ ಕಳೆದ ಮೇಲೆ ಅದೇ ಮದ್ದಿನ ಶಕ್ತಿ ಬಹುಪಾಲು ಉಡುಗಿರುತ್ತದೆ.

ಈ ಲೆಕ್ಕ ವೈದ್ಯರಿಗೆ ತಿಳಿದದ್ದು ಹೇಗೆ? ಇದರ ಹಿಂದೆ ಪ್ರಯೋಗಾಲಯದ ಪುಟ್ಟ ಸುಂಡಿಲಿಗಳ ಕಥೆಯಿದೆ. ಪ್ರಯೋಗ ಮಾಡುವಾಗ 'ಏನು ಕೊಟ್ಟೆವು' ಎನ್ನುವಷ್ಟೇ 'ಯಾವಾಗ ಕೊಟ್ಟೆವು' ಎನ್ನುವುದೂ ಮುಖ್ಯ ಎಂಬ ಪಾಠವೂ ಇದೆ. ವಿಜ್ಞಾನದ ವಿದ್ಯಾರ್ಥಿಗಳೂ ಅವರ ತಂದೆ ತಾಯಿಯರೂ ತಿಳಿಯಬೇಕಾದ ಪಾಠ ಇದು.

ಸದ್ದಿಲ್ಲದ ಕಾರ್ಖಾನೆ

ನಮ್ಮ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಸುಮಾರು ಒಂದೂವರೆ ಕಿಲೋ ತೂಕದ ಅಂಗವೊಂದಿದೆ. ಅದೇ ಯಕೃತ್ತು, ಅಂದರೆ ಪಿತ್ತಜನಕಾಂಗ. ಜನಬಳಕೆಯ ಮಾತಿನಲ್ಲಿ ಲಿವರ್. ಪಿತ್ತರಸ ಸುರಿಸುವುದು, ಸಕ್ಕರೆಯನ್ನು ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ಕರುಳಿನಿಂದ ಬಂದ ವಿಷಗಳನ್ನು ಪಳಗಿಸಿ ಹೊರಗೆ ಕಳಿಸುವುದು ಹೀಗೆ ನೂರೆಂಟು ಕೆಲಸ ಅದರದು.

ಈ ಅಂಗಕ್ಕೆ ಒಂದು ವಿಶೇಷ ಶಕ್ತಿಯಿದೆ. ಕಳೆದುಹೋದ ಭಾಗವನ್ನು ಅದು ಮತ್ತೆ ಬೆಳೆಸಿಕೊಳ್ಳಬಲ್ಲದು. 1931ರಲ್ಲಿ ಅಮೆರಿಕದ ಹಿಗಿನ್ಸ್ ಮತ್ತು ಆಂಡರ್ಸನ್ ಇಲಿಗಳ ಯಕೃತ್ತಿನ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರು. ಒಂದೆರಡು ವಾರಗಳಲ್ಲಿ ಉಳಿದ ಭಾಗವೇ ಬೆಳೆದು ಮೊದಲಿನ ತೂಕಕ್ಕೆ ಬಂದಿತ್ತು!

ಇಷ್ಟು ಗಟ್ಟಿಯಾದ ಅಂಗವೂ ಕೆಲವೊಮ್ಮೆ ಕೆಲವೇ ದಿನಗಳಲ್ಲಿ ಕುಸಿದುಬೀಳುತ್ತದೆ. ಮೊನ್ನೆಯವರೆಗೆ ಆರೋಗ್ಯವಾಗಿದ್ದ ಮನುಷ್ಯನಿಗೆ ಕಾಮಾಲೆ ತೋರುತ್ತದೆ, ರಕ್ತ ಹೆಪ್ಪುಗಟ್ಟದಾಗುತ್ತದೆ, ವಿಷ ಮಿದುಳಿಗೇರಿ ಮಾತು ತೊದಲುತ್ತದೆ, ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಇದನ್ನು ವೈದ್ಯರು 'ತೀವ್ರ ಯಕೃತ್ ವೈಫಲ್ಯ' ಎನ್ನುತ್ತಾರೆ. ಕಾಮಾಲೆಯ ವೈರಸ್ಸುಗಳು, ವಿಷದ ಅಣಬೆ, ಇಲಿ ಪಾಷಾಣದಲ್ಲಿರುವ ಹಳದಿ ರಂಜಕ, ಕೆಲವು ಔಷಧಿಗಳು ಇವೆಲ್ಲ ಇದಕ್ಕೆ ಕಾರಣವಾಗಬಲ್ಲವು. ಬ್ರಿಟನ್ ಮತ್ತು ಅಮೆರಿಕದಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ಎನಿಸಿರುವುದು ಪ್ರತಿ ಮನೆಯ ಕಪಾಟಿನಲ್ಲಿರುವ ಜ್ವರದ ಮಾತ್ರೆ ಪ್ಯಾರಾಸಿಟಮಾಲ್. ಅಮೆರಿಕದಲ್ಲಿ ಇದನ್ನೇ ಅಸಿಟಮಿನೊಫೆನ್ ಎಂದು ಕರೆಯುತ್ತಾರೆ.

ಹಿತಮಿತವಾಗಿ ಬಳಸಿದರೆ ಇದು ಬಹಳ ಸುರಕ್ಷಿತವಾದ ಔಷಧಿ. ಹೆದರಬೇಕಾದದ್ದೇನೂ ಇಲ್ಲ. ಮಿತಿ ಮೀರಿದಾಗಲೇ ತೊಂದರೆ. ಅತಿಯಾದರೆ ಅಮೃತವೂ ವಿಷ ಎನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

1966ರ ಎಚ್ಚರಿಕೆ

ಪ್ಯಾರಾಸಿಟಮಾಲ್ ಹತ್ತೊಂಬತ್ತನೆಯ ಶತಮಾನದಲ್ಲೇ ತಯಾರಾದ ರಾಸಾಯನಿಕ. ಆದರೆ ಅದಕ್ಕೆ ಬೆಲೆ ಬಂದದ್ದು 1948ರ ನಂತರ. ಆ ವರ್ಷ ಅಮೆರಿಕದ ಬರ್ನಾರ್ಡ್ ಬ್ರೋಡಿ ಮತ್ತು ಜೂಲಿಯಸ್ ಆಕ್ಸೆಲ್‌ರಾಡ್, ಹಳೆಯ ನೋವು ನಿವಾರಕವಾದ ಅಸಿಟನಿಲೈಡ್ ದೇಹದೊಳಗೆ ಪ್ಯಾರಾಸಿಟಮಾಲ್ ಆಗಿ ಬದಲಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿದರು. 1950ರ ದಶಕದಲ್ಲಿ ಅದು ಅಂಗಡಿಗಳಿಗೆ ಬಂತು. ಆಸ್ಪಿರಿನ್ನಿನಂತೆ ಹೊಟ್ಟೆಯನ್ನು ಕೆರಳಿಸದ ಈ ಮಾತ್ರೆ ಬಹುಬೇಗ ಜನಪ್ರಿಯವಾಯಿತು.

1966ರಲ್ಲಿ ಎರಡು ವರದಿಗಳು ಪ್ರಕಟವಾದವು. ಕೆನಡಾದ ಬಾಯ್ಡ್ ಮತ್ತು ಬೆರೆಕ್ಜ್‌ಕಿ, ವಿಪರೀತ ಪ್ರಮಾಣದ ಪ್ಯಾರಾಸಿಟಮಾಲ್ ಕೊಟ್ಟ ಇಲಿಗಳಲ್ಲಿ ಯಕೃತ್ತಿನ ಜೀವಕೋಶಗಳು ಸಾಯುವುದನ್ನು ವರದಿ ಮಾಡಿದರು. ಅದೇ ವರ್ಷ ಸ್ಕಾಟ್ಲೆಂಡಿನ ಎಡಿನ್‌ಬರೊದಿಂದ ಡೇವಿಡ್‌ಸನ್ ಮತ್ತು ಈಸ್ಟ್‌ಹ್ಯಾಮ್ ಎಂಬ ವೈದ್ಯರು, ಇಬ್ಬರು ರೋಗಿಗಳು ಇದೇ ಬಗೆಯಲ್ಲಿ ತೀರಿಕೊಂಡ ಸುದ್ದಿ ಬರೆದರು. ಇಲಿಯಲ್ಲಿ ಕಂಡದ್ದೇ ಮನುಷ್ಯನಲ್ಲೂ ಕಂಡಿತ್ತು. ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆ ಕಾರಣವನ್ನು ಬಿಡಿಸಿದ್ದು ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೆರ್ರಿ ಮಿಚೆಲ್, ಡೇವಿಡ್ ಜಾಲೊ, ಬ್ರೋಡಿ ಮತ್ತು ಸಂಗಡಿಗರು. 1973ರಲ್ಲಿ ಅವರು ಒಂದರ ಹಿಂದೆ ಒಂದರಂತೆ ಪ್ರಬಂಧಗಳನ್ನು ಪ್ರಕಟಿಸಿದರು. ಅವರ ಪ್ರಯೋಗ ಪ್ರಾಣಿ ಮುಖ್ಯವಾಗಿ ಸುಂಡಿಲಿ. ದೊಡ್ಡ ಜಾತಿಯ ಪ್ರಯೋಗಾಲಯದ ಇಲಿ ಈ ವಿಷವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಸುಂಡಿಲಿಯಾದರೆ ಈ ವಿಷಯದಲ್ಲಿ ಮನುಷ್ಯನಿಗೆ ಹೆಚ್ಚು ಹತ್ತಿರ.

ಮದುವೆ ಮನೆಯ ಉಗ್ರಾಣ

ಅವರು ಕಂಡದ್ದನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ನುಂಗಿದ ಪ್ಯಾರಾಸಿಟಮಾಲಿನ ಬಹುಪಾಲನ್ನು ಯಕೃತ್ತು ಯಾವ ತೊಂದರೆಯೂ ಇಲ್ಲದೆ ಪಳಗಿಸಿ ಮೂತ್ರದ ಮೂಲಕ ಹೊರಗೆ ಕಳಿಸುತ್ತದೆ. ಒಂದು ಸಣ್ಣ ಪಾಲು ಮಾತ್ರ ಸೈಟೊಕ್ರೋಮ್ ಪಿ-450 ಎಂಬ ಕಿಣ್ವಗಳ ಕೈಗೆ ಸಿಕ್ಕಿ ನ್ಯಾಪ್‌ಕ್ವಿ ಎಂಬ ಉಗ್ರ ವಸ್ತುವಾಗುತ್ತದೆ. ಅದು ಹುಟ್ಟಿದ ಗಳಿಗೆಯಲ್ಲೇ ಅದನ್ನು ಸಮಾಧಾನಪಡಿಸಲು ಜೀವಕೋಶದಲ್ಲಿ ಗ್ಲುಟಾಥಯೋನ್ ಎಂಬ ಗಂಧಕಯುಕ್ತ ಪದಾರ್ಥ ಸಿದ್ಧವಾಗಿರುತ್ತದೆ.

ಗ್ಲುಟಾಥಯೋನನ್ನು ಮದುವೆ ಮನೆಯ ಉಗ್ರಾಣಕ್ಕೆ ಹೋಲಿಸಬಹುದು. ಲೆಕ್ಕಕ್ಕೆ ತಕ್ಕಷ್ಟು ನೆಂಟರು ಬಂದರೆ ಎಲ್ಲರಿಗೂ ಊಟ ಬಡಿಸಿ ಮರ್ಯಾದೆಯಿಂದ ಕಳಿಸಬಹುದು. ನಾಲ್ಕು ಪಟ್ಟು ಜನ ಒಮ್ಮೆಲೇ ನುಗ್ಗಿದರೆ? ಉಗ್ರಾಣ ಬರಿದಾಗುತ್ತದೆ. ಹಸಿದವರ ಕೋಪಕ್ಕೆ ಮನೆಯ ಪಾತ್ರೆ ಪಡಗಗಳೆಲ್ಲ ಬಲಿಯಾಗುತ್ತವೆ. ಜೀವಕೋಶದಲ್ಲೂ ಹೀಗೆಯೇ. ಗ್ಲುಟಾಥಯೋನಿನ ಬಹುಭಾಗ ಖರ್ಚಾಗುವವರೆಗೆ ಹಾನಿ ತೋರದು. ಅದು ಮುಗಿಯುತ್ತಲೇ ನ್ಯಾಪ್‌ಕ್ವಿ ಹೋಗಿ ಜೀವಕೋಶದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳು ಕೆಡುತ್ತವೆ, ಕೊನೆಗೆ ಜೀವಕೋಶವೇ ಸಾಯುತ್ತದೆ.

ಮಿಚೆಲ್ ಅವರ ತಂಡ ಇದನ್ನು ಎರಡೂ ಕಡೆಯಿಂದ ಪರೀಕ್ಷಿಸಿತು. ಗ್ಲುಟಾಥಯೋನನ್ನು ಮೊದಲೇ ಬರಿದು ಮಾಡಿದ ಸುಂಡಿಲಿಗಳಲ್ಲಿ ಹಾನಿ ಹೆಚ್ಚಾಯಿತು. ಗ್ಲುಟಾಥಯೋನ್ ತಯಾರಿಗೆ ಬೇಕಾದ ಸಿಸ್ಟೀನ್ ಎಂಬ ಅಮೈನೊ ಆಮ್ಲವನ್ನು ಕೊಟ್ಟಾಗ ಹಾನಿ ತಪ್ಪಿತು. ಅಂದರೆ ಉಗ್ರಾಣಕ್ಕೆ ಅಕ್ಕಿ ಬೇಳೆ ತುಂಬಿದರೆ ಸಾಕು, ಮನೆ ಉಳಿಯುತ್ತದೆ!

ಸುಂಡಿಲಿಯ ಗಂಟೆ, ಮನುಷ್ಯನ ಗಂಟೆ

ಆದರೆ ಅಕ್ಕಿಯ ಗಾಡಿ ಎಷ್ಟು ಹೊತ್ತಿಗೆ ಬರಬೇಕು? ನೆಂಟರು ಎಲೆ ಮುಂದೆ ಕೂತಾಗಲೋ, ಪಾತ್ರೆಗಳೆಲ್ಲ ಒಡೆದುಹೋದ ಮೇಲೋ?

ಸುಂಡಿಲಿಯ ಒಳಗೆ ಎಲ್ಲವೂ ಬಲು ವೇಗ. ಇಪ್ಪತ್ತೈದು ಗ್ರಾಂ ತೂಗುವ ಈ ಪ್ರಾಣಿಯ ಹೃದಯ ನಿಮಿಷಕ್ಕೆ ಐನೂರು ಸಲಕ್ಕಿಂತ ಹೆಚ್ಚು ಬಡಿಯುತ್ತದೆ. ಉಪವಾಸವಿದ್ದ ಸುಂಡಿಲಿಗೆ ಪ್ಯಾರಾಸಿಟಮಾಲಿನ ವಿಷಪ್ರಮಾಣ ಕೊಟ್ಟರೆ ಸುಮಾರು ಅರ್ಧ ಗಂಟೆಯಲ್ಲೇ ಗ್ಲುಟಾಥಯೋನ್ ತಳ ಕಾಣುತ್ತದೆ. ಒಂದೆರಡು ಗಂಟೆಯೊಳಗೆ ಪ್ರೋಟೀನುಗಳಿಗೆ ಅಂಟಿಕೊಳ್ಳುವ ಕೆಲಸ ಮುಗಿಯುತ್ತ ಬರುತ್ತದೆ. ಸತ್ತ ಜೀವಕೋಶಗಳಿಂದ ಹೊರಬರುವ ಎಎಲ್‌ಟಿ ಎಂಬ ಕಿಣ್ವ ಮೂರು ನಾಲ್ಕು ಗಂಟೆಯ ಹೊತ್ತಿಗೆ ರಕ್ತದಲ್ಲಿ ಏರತೊಡಗುತ್ತದೆ.

ಮನುಷ್ಯನಲ್ಲಿ ಇದೇ ನಾಟಕ ನಿಧಾನವಾಗಿ ನಡೆಯುತ್ತದೆ. ಎಎಲ್‌ಟಿ ಸ್ಪಷ್ಟವಾಗಿ ಏರಲು ಸಾಮಾನ್ಯವಾಗಿ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಬೇಕು. ಅಂಕಗಳು ಅವೇ, ಪರದೆ ಏಳುವ ಹೊತ್ತು ಬೇರೆ. ಆದ್ದರಿಂದ ಸುಂಡಿಲಿಯಲ್ಲಿ ನಾಲ್ಕನೆಯ ಗಂಟೆ ಎಂದರೆ ತಡವಾಗಿಹೋದ ಹೊತ್ತು. ಮನುಷ್ಯನಲ್ಲಿ ಅದೇ ನಾಲ್ಕನೆಯ ಗಂಟೆ ಎಂದರೆ ಇನ್ನೂ ಕೈಯಲ್ಲಿರುವ ಹೊತ್ತು. ಪ್ರಾಣಿಯ ಗಂಟೆಯನ್ನು ಮನುಷ್ಯನ ಗಂಟೆಗೆ ನೇರವಾಗಿ ಸಮ ಮಾಡಬಾರದು. ಗಡಿಯಾರದ ಮುಳ್ಳಿಗಿಂತ ದೇಹದೊಳಗಿನ ಘಟನೆಗಳ ಸರದಿಯನ್ನು ನೋಡಬೇಕು. ಗ್ಲುಟಾಥಯೋನ್ ಮುಗಿಯಿತೇ, ಪ್ರೋಟೀನು ಕೆಟ್ಟಿತೇ, ಜೀವಕೋಶ ಸತ್ತಿತೇ ಎನ್ನುವುದೇ ನಿಜವಾದ ಅಳತೆ.

ಎಡಿನ್‌ಬರೊದ ನೂರು ರೋಗಿಗಳು

ಸುಂಡಿಲಿಯ ಪಾಠವನ್ನು ರೋಗಿಯ ಹಾಸಿಗೆಯ ಬಳಿಗೆ ತಂದವರಲ್ಲಿ ಎಡಿನ್‌ಬರೊದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ಲಾರಿ ಪ್ರೆಸ್ಕಾಟ್ ಪ್ರಮುಖರು. ಗ್ಲುಟಾಥಯೋನನ್ನೇ ಕೊಟ್ಟರೆ ಅದು ಜೀವಕೋಶದೊಳಕ್ಕೆ ಸುಲಭವಾಗಿ ಹೋಗದು. ಅದಕ್ಕಾಗಿ 1974ರಲ್ಲಿ ಸಿಸ್ಟಿಯಮೈನ್ ಎಂಬ ಮದ್ದನ್ನು ಬಳಸಿದರು. ಅದು ಫಲ ಕೊಟ್ಟರೂ ರೋಗಿಗಳಿಗೆ ವಿಪರೀತ ವಾಕರಿಕೆ, ವಾಂತಿ. ಬಳಿಕ ಕೈಗೆತ್ತಿಕೊಂಡದ್ದು ಎನ್-ಅಸಿಟೈಲ್ ಸಿಸ್ಟೀನ್. ಕಫ ಕರಗಿಸಲು ಆಗಲೇ ಬಳಕೆಯಲ್ಲಿದ್ದ ಔಷಧಿ ಇದು. ದೇಹ ಇದರಿಂದ ಸಿಸ್ಟೀನ್ ಪಡೆದು ಗ್ಲುಟಾಥಯೋನ್ ಮಾಡಿಕೊಳ್ಳುತ್ತದೆ.

1979ರಲ್ಲಿ ಪ್ರೆಸ್ಕಾಟ್ ಮತ್ತು ಸಂಗಡಿಗರು ನೂರು ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಎಲ್ಲರೂ ತೀವ್ರ ವಿಷಪ್ರಾಶನದವರೇ. ಎಲ್ಲರಿಗೂ ರಕ್ತನಾಳದ ಮೂಲಕ ಕೊಟ್ಟದ್ದು ಒಂದೇ ಮದ್ದು. ವ್ಯತ್ಯಾಸ ಇದ್ದದ್ದು ಹೊತ್ತಿನಲ್ಲಿ ಮಾತ್ರ.

ಹತ್ತು ಗಂಟೆಯೊಳಗೆ ಮದ್ದು ಸಿಕ್ಕಿದ 62 ಮಂದಿಯಲ್ಲಿ ಯಕೃತ್ತು ತೀವ್ರವಾಗಿ ಕೆಟ್ಟದ್ದು ಒಬ್ಬರಿಗೆ ಮಾತ್ರ. ಹತ್ತರಿಂದ ಇಪ್ಪತ್ತನಾಲ್ಕು ಗಂಟೆಯ ನಡುವೆ ಮದ್ದು ಸಿಕ್ಕಿದ 38 ಮಂದಿಯಲ್ಲಿ 20 ಜನರಿಗೆ, ಅಂದರೆ ನೂರಕ್ಕೆ 53ರಷ್ಟು ಮಂದಿಗೆ ತೀವ್ರ ಹಾನಿ. ಈ ಮದ್ದು ಬರುವ ಮೊದಲು ಬರಿಯ ಆರೈಕೆ ಪಡೆದಿದ್ದ 57 ರೋಗಿಗಳ ಹಳೆಯ ದಾಖಲೆ ನೋಡಿದರೆ ಅಲ್ಲಿ ಹಾನಿಯಾದವರು 33 ಜನ, ನೂರಕ್ಕೆ 58. ತಡವಾಗಿ ಮದ್ದು ಪಡೆದವರಿಗೂ ಮದ್ದೇ ಪಡೆಯದವರಿಗೂ ಹೆಚ್ಚು ಅಂತರವಿಲ್ಲ! ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ಇಲ್ಲಿ ಅಂಕಿ ಅಂಶವಾಗಿ ನಿಂತಿದೆ. ಪೂರ್ಣ ರಕ್ಷಣೆಗೆ ಎಂಟು ಗಂಟೆಯೇ ಗಡಿ ಎಂದು ಅವರು ಹೇಳಿದರು.

1988ರಲ್ಲಿ ಅಮೆರಿಕದಿಂದ ಬಂದ ದೊಡ್ಡ ವರದಿಯೂ ಇದನ್ನೇ ಹೇಳಿತು. ಅಲ್ಲಿ ಮದ್ದನ್ನು ಬಾಯಿಯ ಮೂಲಕ ಕೊಡಲಾಗಿತ್ತು. ಅಪಾಯದ ಮಟ್ಟ ಮೀರಿದ್ದವರ ಪೈಕಿ ಹತ್ತು ಗಂಟೆಯೊಳಗೆ ಮದ್ದು ಆರಂಭಿಸಿದವರಲ್ಲಿ ನೂರಕ್ಕೆ 6ರಷ್ಟು ಜನರಿಗೆ ಯಕೃತ್ತು ಕೆಟ್ಟಿತು. ಹತ್ತರಿಂದ ಇಪ್ಪತ್ತನಾಲ್ಕು ಗಂಟೆಯ ನಡುವೆ ಆರಂಭಿಸಿದವರಲ್ಲಿ ನೂರಕ್ಕೆ 26.

ವೈದ್ಯರು ಕೇಳುವ 'ಎಷ್ಟು ಗಂಟೆಗೆ' ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಕಾರಣವೂ ಇದೆ. 1975ರಲ್ಲಿ ರುಮ್ಯಾಕ್ ಮತ್ತು ಮ್ಯಾಥ್ಯೂ ಒಂದು ನಕ್ಷೆ ತಯಾರಿಸಿದರು. ಅದರ ಒಂದು ಅಕ್ಷದಲ್ಲಿ ರಕ್ತದಲ್ಲಿರುವ ಪ್ಯಾರಾಸಿಟಮಾಲ್ ಮಟ್ಟ, ಇನ್ನೊಂದು ಅಕ್ಷದಲ್ಲಿ ನುಂಗಿದ ಮೇಲೆ ಕಳೆದ ಗಂಟೆಗಳು. ಗೆರೆಯ ಮೇಲಿದ್ದರೆ ಮದ್ದು ಬೇಕು, ಕೆಳಗಿದ್ದರೆ ಬೇಡ. ಒಮ್ಮೆಗೇ ನುಂಗಿದವರಿಗೆ ಈ ಬಗೆಯ ನಕ್ಷೆ ಇಂದಿಗೂ ಬಳಕೆಯಲ್ಲಿದೆ. ಗಂಟೆ ಗೊತ್ತಿಲ್ಲದಿದ್ದರೆ ನಕ್ಷೆಯ ಅರ್ಧ ಭಾಗವೇ ಕುರುಡು.

ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕರೆ

ಇಲ್ಲಿಗೆ ಕಥೆ ಮುಗಿಯಲಿಲ್ಲ. ಸುಂಡಿಲಿಯ ಪ್ರಯೋಗ ಸುಲಭವಾದ್ದರಿಂದ ಪ್ರಪಂಚದ ನಾನಾ ಕಡೆ ನೂರಾರು ಪದಾರ್ಥಗಳನ್ನು ಅದರ ಮೇಲೆ ಪರೀಕ್ಷಿಸಿದರು. ನಮ್ಮ ದೇಶದ ಔಷಧ ವಿಜ್ಞಾನ ಕಾಲೇಜುಗಳಲ್ಲೂ ನೆಲನೆಲ್ಲಿಯಂಥ ಗಿಡಮೂಲಿಕೆಗಳ ಸಾರವನ್ನು ಪ್ಯಾರಾಸಿಟಮಾಲ್ ಅಥವಾ ಕಾರ್ಬನ್ ಟೆಟ್ರಾಕ್ಲೋರೈಡಿನ ಎದುರು ಇಟ್ಟು ನೋಡಿದ ಪ್ರಯೋಗಗಳು ಬೇಕಾದಷ್ಟಿವೆ. 'ಈ ಸಾರಕ್ಕೆ ಯಕೃತ್ತನ್ನು ಕಾಪಾಡುವ ಗುಣವಿದೆ' ಎಂಬ ತೀರ್ಮಾನದಲ್ಲಿ ಅವುಗಳಲ್ಲಿ ಅನೇಕವು ಮುಗಿಯುತ್ತವೆ.

ಈ ಪ್ರಬಂಧಗಳ ವಿಧಾನದ ಭಾಗವನ್ನು ಗಮನವಿಟ್ಟು ಓದಬೇಕು. ಎಷ್ಟೋ ಪ್ರಯೋಗಗಳಲ್ಲಿ ಸಾರವನ್ನು ಕೆಲವು ದಿನ ಮೊದಲೇ ಕೊಟ್ಟು, ಆಮೇಲೆ ವಿಷ ಕೊಟ್ಟಿರುತ್ತಾರೆ! ಮಳೆ ಬರುವ ಮೊದಲೇ ಕೊಡೆ ಬಿಚ್ಚಿ ಹಿಡಿದವನು ನೆನೆಯಲಿಲ್ಲ ಎನ್ನುವುದೇನೋ ನಿಜ. ಆದರೆ ಆಸ್ಪತ್ರೆಗೆ ಬರುವವರೆಲ್ಲ ನೆನೆದು ಬಂದವರು. ಮುಂದೆ ವಿಷ ಬೀಳಲಿದೆ ಎಂದು ಮೂರು ದಿನ ಮೊದಲೇ ಕಷಾಯ ಕುಡಿದು ಬಂದವರು ಯಾರೂ ಇರುವುದಿಲ್ಲ.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಪ್ಯಾರಾಸಿಟಮಾಲ್ ತಾನೇ ನೇರವಾಗಿ ಈ ವಿಷವಲ್ಲ, ಪಿ-450 ಕಿಣ್ವಗಳು ಅದನ್ನು ನ್ಯಾಪ್‌ಕ್ವಿ ಮಾಡಿದಾಗಲೇ ವಿಷ. ಮೊದಲೇ ಕೊಟ್ಟ ಸಾರ ಆ ಕಿಣ್ವಗಳನ್ನು ತಡೆದರೆ ವಿಷವೇ ಹುಟ್ಟುವುದಿಲ್ಲ. ಸುಂಡಿಲಿ ಬದುಕುತ್ತದೆ. ಪ್ರಯೋಗ ಮಾಡಿದವರು 'ನಮ್ಮ ಮದ್ದು ಯಕೃತ್ತನ್ನು ಗುಣಪಡಿಸಿತು' ಎಂದು ಸಂತೋಷಪಡುತ್ತಾರೆ. ಗುಣಪಡಿಸಲು ಅಲ್ಲಿ ರೋಗವೇ ಇರಲಿಲ್ಲ! ಮದ್ದನ್ನು ಕರಗಿಸಲು ಬಳಸುವ ಡೈಮಿಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕವೇ ಈ ಕಿಣ್ವಗಳನ್ನು ತಡೆಯಬಲ್ಲದು. ಹೋಲಿಕೆಯ ಗುಂಪಿಗೂ ಅದೇ ದ್ರಾವಕ ಕೊಡದಿದ್ದರೆ ಮದ್ದಿನ ಯಶಸ್ಸು ದ್ರಾವಕದ್ದೋ ಮದ್ದಿನದೋ ತಿಳಿಯದು. ಪರೀಕ್ಷೆಯ ಹಿಂದಿನ ದಿನವೇ ಪ್ರಶ್ನೆಪತ್ರಿಕೆ ಸಿಕ್ಕ ಹುಡುಗ ನೂರಕ್ಕೆ ನೂರು ತೆಗೆದರೆ ಅವನ ಬುದ್ಧಿವಂತಿಕೆ ಎಷ್ಟೆಂದು ತಿಳಿಯುವುದಾದರೂ ಹೇಗೆ?

ಪ್ರಯೋಗದ ದಿನ ಸುಂಡಿಲಿ ಉಂಡಿತ್ತೋ ಉಪವಾಸವಿತ್ತೋ ಎನ್ನುವುದೂ ಫಲಿತಾಂಶವನ್ನು ಬದಲಿಸುತ್ತದೆ. ಉಪವಾಸವಿದ್ದರೆ ಗ್ಲುಟಾಥಯೋನ್ ಇಳಿದಿರುತ್ತದೆ, ವಿಷ ಬೇಗ ತಗಲುತ್ತದೆ. ಸುಂಡಿಲಿ ರಾತ್ರಿ ತಿನ್ನುವ ಪ್ರಾಣಿ. ಆದ್ದರಿಂದ ಬೆಳಿಗ್ಗೆ ಮಾಡಿದ ಪ್ರಯೋಗವನ್ನೂ ಸಂಜೆ ಮಾಡಿದ ಪ್ರಯೋಗವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಒಳ್ಳೆಯ ಪ್ರಯೋಗಕ್ಕೆ ಏನು ಬೇಕು ಎಂಬುದನ್ನು 1991ರಲ್ಲಿ ಟೆರ್‌ಬ್ಲಾಂಶ್ ಮತ್ತು ಹಿಕ್‌ಮನ್ ಪಟ್ಟಿ ಮಾಡಿದರು. ಯಕೃತ್ ವೈಫಲ್ಯದ ಪ್ರಾಣಿ ಮಾದರಿಯಲ್ಲಿ ರೋಗ ಗುಣವಾಗುವಂಥದ್ದಾಗಿರಬೇಕು, ಪ್ರತಿ ಸಲವೂ ಒಂದೇ ರೀತಿ ಬರಬೇಕು, ಸಾವು ಯಕೃತ್ತಿನಿಂದಲೇ ಆಗಬೇಕು, ಹೀಗೆ ಸಾಗುವ ಆ ಪಟ್ಟಿಯಲ್ಲಿ ಮುಖ್ಯವಾದದ್ದೊಂದು 'ಚಿಕಿತ್ಸೆಯ ಕಿಂಡಿ'. ಅಂದರೆ ಪೆಟ್ಟು ಬಿದ್ದ ಮೇಲೆ, ಸಾವು ಬರುವ ಮೊದಲು, ಚಿಕಿತ್ಸೆ ಕೊಟ್ಟು ಫಲ ನೋಡಲು ಸಾಕಷ್ಟು ಹೊತ್ತಿರಬೇಕು. ಕಿಂಡಿ ತೆರೆಯುವ ಮೊದಲೇ ಮದ್ದು ಕೊಡುವ ಪ್ರಯೋಗ ರೋಗ ತಡೆಯುವುದರ ಬಗ್ಗೆ ಹೇಳೀತು, ರೋಗ ಗುಣಪಡಿಸುವುದರ ಬಗ್ಗೆ ಹೇಳಲಾರದು.

ಇದು ಲೆಕ್ಕದ ಮಾತು ಮಾತ್ರವಲ್ಲ, ನೀತಿಯ ಮಾತೂ ಹೌದು. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾನೂನು ಪ್ರಯೋಗದ ಪ್ರಾಣಿಗಳನ್ನು ಅನಗತ್ಯವಾಗಿ ನೋಯಿಸಬಾರದೆಂದು ಹೇಳುತ್ತದೆ. ತಪ್ಪು ಹೊತ್ತಿನಲ್ಲಿ ಮದ್ದು ಕೊಟ್ಟು ಯಾವ ಪ್ರಶ್ನೆಗೂ ಉತ್ತರ ಸಿಗದ ಪ್ರಯೋಗದಲ್ಲಿ ಹೋದ ಒಂದೊಂದು ಸುಂಡಿಲಿಯ ಜೀವವೂ ವ್ಯರ್ಥ. ನಂಬಿ ಕುಡಿದ ರೋಗಿಗೂ ಅನ್ಯಾಯ.

ತಡವಾದರೆ ಆಸೆ ಬಿಡಬೇಕೆ?

ಹಾಗೇನಿಲ್ಲ. ಹೊತ್ತು ಮೀರಿದ ಮೇಲೆ ಬಂದವರ ಪಾಡೇನು ಎಂಬ ಪ್ರಶ್ನೆಯನ್ನು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ವೈದ್ಯರು ಎತ್ತಿಕೊಂಡರು. ಯಕೃತ್ತು ಆಗಲೇ ವಿಫಲವಾಗಿದ್ದ 50 ರೋಗಿಗಳನ್ನು ಎರಡು ಗುಂಪು ಮಾಡಿದರು. 25 ಮಂದಿಗೆ ಅಸಿಟೈಲ್ ಸಿಸ್ಟೀನ್, ಉಳಿದ 25 ಮಂದಿಗೆ ಎಂದಿನ ಆರೈಕೆ. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮದ್ದು ಪಡೆದವರಲ್ಲಿ 12 ಜನ ಬದುಕಿದರು, ಪಡೆಯದವರಲ್ಲಿ 5 ಜನ. ತಡವಾದರೂ ಮದ್ದು ಪೂರ್ತಿ ಸೋಲಲಿಲ್ಲ!

ಹಾಗಾದರೆ ಪ್ರೆಸ್ಕಾಟರ ಲೆಕ್ಕ ತಪ್ಪೇ? ಅಲ್ಲ. ಅಳೆದದ್ದೇ ಬೇರೆ. ಪ್ರೆಸ್ಕಾಟ್ ನೋಡಿದ್ದು ಯಕೃತ್ತಿಗೆ ಹಾನಿಯಾಗದಂತೆ ತಡೆಯಬಹುದೇ ಎಂದು. ಲಂಡನ್ನಿನವರು ನೋಡಿದ್ದು ಹಾನಿಯಾದ ಮೇಲೆ ರೋಗಿಯನ್ನು ಉಳಿಸಬಹುದೇ ಎಂದು. ಮೊದಲ ಗಂಟೆಗಳಲ್ಲಿ ಮದ್ದು ನ್ಯಾಪ್‌ಕ್ವಿಯನ್ನೇ ಹಿಡಿದುಹಾಕುತ್ತದೆ. ನಂತರದ ಹೊತ್ತಿನಲ್ಲಿ ಅದು ಮೈಟೊಕಾಂಡ್ರಿಯದೊಳಗಿನ ಹಾನಿಕರ ಆಕ್ಸಿಜನ್ ಕಣಗಳನ್ನು ತಣಿಸುತ್ತದೆ, ಶಕ್ತಿ ಉತ್ಪಾದನೆಗೆ ನೆರವಾಗುತ್ತದೆ ಎಂದು ಸುಂಡಿಲಿಯ ಪ್ರಯೋಗಗಳು ತೋರಿಸಿವೆ. ಮದ್ದು ಒಂದೇ, ಹೊತ್ತು ಬದಲಾದಂತೆ ಅದರ ಕೆಲಸವೂ ಬದಲು.

ಹೆಚ್ಚು ಕಾಲ ಕೊಟ್ಟಷ್ಟೂ ಒಳ್ಳೆಯದೆಂದೂ ಅಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಂಡಿಲಿಗಳಿಗೆ ಮದ್ದನ್ನು ದೀರ್ಘಕಾಲ ಮುಂದುವರಿಸಿದಾಗ ಯಕೃತ್ತು ಚೇತರಿಸಿಕೊಳ್ಳುವುದು ನಿಧಾನವಾಯಿತು. ಯಾವಾಗ ಆರಂಭಿಸಬೇಕು ಎನ್ನುವಂತೆ ಯಾವಾಗ ನಿಲ್ಲಿಸಬೇಕು ಎನ್ನುವುದೂ ಹೊತ್ತಿನ ಪ್ರಶ್ನೆಯೇ. ಆಸ್ಪತ್ರೆಯಲ್ಲಿ ಇದನ್ನು ರಕ್ತಪರೀಕ್ಷೆಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಎಲ್ಲ ಪ್ರಯತ್ನ ಮೀರಿದಾಗ ಯಕೃತ್ತಿನ ಕಸಿಯೊಂದೇ ಉಳಿಯುವ ದಾರಿ.

ಮನೆಯಲ್ಲಿ ತಿಳಿದಿರಬೇಕಾದದ್ದು

ಈ ವಿಷದ ಅತಿ ದೊಡ್ಡ ಮೋಸವೆಂದರೆ ಅದರ ಮೌನ. ಮೊದಲ ದಿನ ಸ್ವಲ್ಪ ವಾಕರಿಕೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಎರಡನೆಯ ದಿನ ರೋಗಿಗೆ ಹಾಯೆನಿಸುವುದೂ ಉಂಟು. ಅದೇ ಹೊತ್ತಿಗೆ ರಕ್ತಪರೀಕ್ಷೆಯಲ್ಲಿ ಎಎಲ್‌ಟಿ ಏರುತ್ತಿರುತ್ತದೆ. ಕಾಮಾಲೆ, ರಕ್ತಸ್ರಾವ, ಮಂಪರು ಕಾಣುವುದು ಸಾಮಾನ್ಯವಾಗಿ ಮೂರು ನಾಲ್ಕನೆಯ ದಿನ. 'ಆರಾಮವಾಗಿದ್ದಾನಲ್ಲ, ಬೆಳಿಗ್ಗೆ ನೋಡೋಣ' ಎಂದು ಮಲಗಿದ ಮನೆಯವರು ಆ ಎಂಟು ಗಂಟೆಗಳನ್ನು ನಿದ್ದೆಯಲ್ಲೇ ಕಳೆದಿರುತ್ತಾರೆ.

ಆದ್ದರಿಂದ ಲಕ್ಷಣಕ್ಕಾಗಿ ಕಾಯಬಾರದು. ಮಿತಿ ಮೀರಿ ಮಾತ್ರೆ ಅಥವಾ ಸಿರಪ್ ಹೊಟ್ಟೆಗೆ ಹೋಗಿದೆ ಎಂಬ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಹೊರಡುವ ಮೊದಲು ಚೀಟಿಯೊಂದರಲ್ಲಿ ಹೊತ್ತು ಬರೆದುಕೊಳ್ಳಬೇಕು. ಸರಿಯಾಗಿ ಗೊತ್ತಿಲ್ಲದಿದ್ದರೆ ಸೀಸೆಯನ್ನು ಕೊನೆಯ ಸಲ ತುಂಬಿದ್ದು ಕಂಡದ್ದು ಯಾವಾಗ, ಖಾಲಿ ಕಂಡದ್ದು ಯಾವಾಗ ಎಂದು ಬರೆದರೂ ವೈದ್ಯರಿಗೆ ಸಹಾಯ. ಸೀಸೆಯನ್ನೋ ಮಾತ್ರೆಯ ಹಾಳೆಯನ್ನೋ ಜೊತೆಗೆ ಒಯ್ಯಬೇಕು. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವ, ಕಷಾಯ ಕುಡಿಸಿ ನೋಡುವ ಗೋಜಿಗೆ ಹೋಗಬಾರದು.

ಮಕ್ಕಳಿಗೆ ಪ್ಯಾರಾಸಿಟಮಾಲನ್ನು ವಯಸ್ಸಿನ ಅಂದಾಜಿಗಿಂತ ತೂಕದ ಲೆಕ್ಕದಲ್ಲಿ, ವೈದ್ಯರು ಹೇಳಿದಷ್ಟೇ ಕೊಡಬೇಕು. ಹಸುಗೂಸುಗಳಿಗೆಂದು ಬರುವ ಡ್ರಾಪ್ಸ್ ಸಾಮಾನ್ಯ ಸಿರಪ್ಪಿಗಿಂತ ಬಹಳ ಗಾಢ. ಒಂದರ ಬದಲು ಇನ್ನೊಂದನ್ನು ಚಮಚದಲ್ಲಿ ಅಳೆದರೆ ಅನಾಹುತ. ನೆಗಡಿಯ ಔಷಧಿಗಳಲ್ಲಿ ಅನೇಕವುಗಳಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ಕೊಟ್ಟರೆ ಒಂದೇ ಔಷಧಿ ಎರಡು ಸಲ ಹೋದಂತೆ. ಹೆಸರು ಬೇರೆಯಾದರೂ ಒಳಗಿನ ವಸ್ತು ಯಾವುದು ಎಂದು ಚೀಟಿ ಓದುವ ಅಭ್ಯಾಸವನ್ನು ಶಾಲೆಯ ಮಕ್ಕಳಿಗೂ ಕಲಿಸಬೇಕು.

ಇನ್ನೊಂದು ಮಾತು. ಪರೀಕ್ಷೆಯ ಭಯಕ್ಕೋ ಮನೆಯ ಬೇಸರಕ್ಕೋ ಹುಡುಗರು ಮಾತ್ರೆ ನುಂಗಿಬಿಡುವುದುಂಟು. ಆಮೇಲೆ ಹೆದರಿ ಬಾಯಿ ಬಿಡುವುದಿಲ್ಲ. ಹೇಳಿದರೆ ಬೈಗುಳ ಬೀಳುತ್ತದೆ ಎಂಬ ಅಂಜಿಕೆ ವಿಷದ ಕೆಲಸಕ್ಕೆ ಇನ್ನಷ್ಟು ಗಂಟೆಗಳನ್ನು ಕೊಡುತ್ತದೆ. ಮಕ್ಕಳು ಯಾವ ಹೊತ್ತಿನಲ್ಲಾದರೂ ಬಂದು ನಿಜ ಹೇಳುವಂಥ ಸಲಿಗೆ ಮನೆಯಲ್ಲಿರಬೇಕು. ಹೇಳಿದಾಗ ತಂದೆ ತಾಯಿ ವಿಚಾರಣೆಗೆ ಕೂರದೆ ಗಾಡಿ ಹತ್ತಿಸಬೇಕು. ಮನಸ್ಸಿನ ಭಾರ ಹೇಳಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅದು ಉಚಿತ.

ಐವತ್ತು ವರ್ಷಗಳ ಸಂಶೋಧನೆ, ಲೆಕ್ಕವಿಲ್ಲದಷ್ಟು ಸುಂಡಿಲಿಗಳು, ನೂರಾರು ರೋಗಿಗಳ ದಾಖಲೆಗಳು ಸೇರಿ ಹೇಳಿದ ಮಾತು ಒಂದೇ. ಮದ್ದಿನ ಹೆಸರು ಗೊತ್ತಿದ್ದರೆ ಸಾಲದು, ಅದರ ಹೊತ್ತೂ ಗೊತ್ತಿರಬೇಕು. ಪ್ರಯೋಗಾಲಯದ ವಿದ್ಯಾರ್ಥಿ ತನ್ನ ದಾಖಲೆ ಪುಸ್ತಕದಲ್ಲಿ ಮದ್ದಿನ ಪ್ರಮಾಣದ ಪಕ್ಕದಲ್ಲೇ ಗಂಟೆಯನ್ನೂ ಬರೆಯಲಿ. ತುರ್ತು ಕೊಠಡಿಗೆ ಓಡುವ ತಾಯಿ ಸೀಸೆಯ ಜೊತೆಗೆ ಆ ಚೀಟಿಯನ್ನೂ ಹಿಡಿದಿರಲಿ. 'ಎಷ್ಟು ಗಂಟೆಗೆ?' ಎಂದು ವೈದ್ಯರು ಕೇಳಿದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುವಂತಾಗದಿದ್ದರೆ ಅಷ್ಟೇ ಸಾಕು.